ಅಂಜನದ ಸ್ವಾಮಿ ಮತ್ತು ತಡವಾದ ಕಾರ್ಡು

1956ರಲ್ಲಿ ನಾನು ಚಾಮರಾಜನಗರದಲ್ಲಿ ಅಂಚೆ ಇನ್ಸ್‌ಪೆಕ್ಟರ್ ಆಗಿದ್ದೆ. ಹಳ್ಳಿಗಳ ಬ್ರಾಂಚ್ ಪೋಸ್ಟಾಫೀಸುಗಳನ್ನು ಸೈಕಲ್ಲಿನಲ್ಲಿ ಸುತ್ತಿ ತಪಾಸಣೆ ಮಾಡುವುದು ನನ್ನ ಕೆಲಸ. ಆ ವರ್ಷ ಹರವೆ ದಾರಿಯ ಒಂದು ಊರಿನಿಂದ ಶಾಲಾ ಮೇಷ್ಟ್ರು ನಂಜುಂಡಯ್ಯನವರ ದೂರು ಬಂತು. ಊರಿನ ಹೆಸರು ಬೇಡ, ಆ ಮನೆಗಳವರು ಈಗಲೂ ಅಲ್ಲಿದ್ದಾರೆ.

ಕೂಲಿ ಮಾಡುವ ಸಿದ್ದಮ್ಮನ ಗಂಡ ಊಟಿ ಕಡೆಯ ಟೀ ತೋಟದಲ್ಲಿದ್ದ. ಊರಲ್ಲಿ ಅಂಜನದ ಸ್ವಾಮಿಯೊಬ್ಬ ನೆಲೆಸಿದ್ದ. ವೀಳ್ಯದೆಲೆಗೆ ಕಪ್ಪು ಸವರಿ, ದೂರದ ಸಂಗತಿಯೆಲ್ಲ ಅದರಲ್ಲಿ ಕಾಣುತ್ತದೆ ಎನ್ನುವವನು. ಅವನು ಸಿದ್ದಮ್ಮನನ್ನು ಕರೆಸಿ, ನಿನ್ನ ಗಂಡ ಹಾಸಿಗೆ ಹಿಡಿಯುತ್ತಾನೆ, ಗಂಡಾಂತರವಿದೆ ಎಂದ. ಅವಳು ಇದ್ದ ಎರಡು ಆಡನ್ನೂ ಕೊಟ್ಟು ಶಾಂತಿ ಮಾಡಿಸಿದಳು. ಆಮೇಲೆ ಗಂಡನ ಕಾರ್ಡು ಬಂತು: ಜ್ವರ ಜಾಸ್ತಿ, ಆಸ್ಪತ್ರೆಯಲ್ಲಿದ್ದೇನೆ, ಕೂಡಲೇ ಬಾ. ಊರೆಲ್ಲ ಸ್ವಾಮಿಗೆ ಕೈಮುಗಿಯಿತು. ಕಾರ್ಡು ಓದಿ ಹೇಳಿದ ಮೇಷ್ಟ್ರು ಮಾತ್ರ ಅದರ ಮೇಲಿನ ಮುದ್ರೆ ನೋಡಿದರು. ಊಟಿಯ ಟಪಾಲು ಹಾದುಬರುವ ಗುಂಡ್ಲುಪೇಟೆಯಿಂದ ಹೊರಟು ಎಂಟು ದಿನವಾಗಿತ್ತು; ದಾರಿ ಒಂದೇ ದಿನದ್ದು. ಅವರು ಸಿದ್ದಮ್ಮನನ್ನು ಊಟಿ ಬಸ್ಸು ಹತ್ತಿಸಿ ನನಗೆ ಬರೆದಿದ್ದರು.

ಅಲ್ಲಿನ ಪೋಸ್ಟ್‌ಮಾಸ್ಟರ್ ಪುಟ್ಟಸ್ವಾಮಪ್ಪ ಇಪ್ಪತ್ತು ವರ್ಷ ಒಂದು ದೂರಿಲ್ಲದೆ ದುಡಿದವರು. ಪುರಾವೆಯಿಲ್ಲದೆ ಅವರನ್ನು ಕೇಳಲು ನನಗೆ ಮನಸ್ಸಾಗಲಿಲ್ಲ. ಮೇಷ್ಟ್ರಿಗೆ ಮೊದಲೇ ತಿಳಿಸಿ, ಅವರ ವಿಳಾಸಕ್ಕೆ ನಾನೇ ಒಂದು ಕಾರ್ಡು ಬರೆದೆ: ನಿಮ್ಮ ಅಕ್ಕನ ಮನೆಗೆ ಬೆಂಕಿ ಬಿದ್ದಿದೆ, ಬೇಗ ಹೊರಡಿ.

ಮೇಷ್ಟ್ರಿಗೆ ಕಾರ್ಡು ಬರಲಿಲ್ಲ, ಸ್ವಾಮಿಯ ಕರೆ ಬಂತು; ಅವರು ನನಗೆ ಹೇಳಿಕಳಿಸಿದರು. ಮರುದಿನ ನಾನೂ ಜನರ ನಡುವೆ ಹೋಗಿ ಕೂತೆ. ಸಿದ್ದಮ್ಮನೂ ಅಲ್ಲಿದ್ದಳು, ಗಂಡ ಪುಣ್ಯಕ್ಕೆ ಚೇತರಿಸಿಕೊಂಡು ಜೊತೆಗೇ ಬಂದಿದ್ದ. ಸ್ವಾಮಿ ಎಲೆಯನ್ನು ದಿಟ್ಟಿಸಿ, "ನಿಮ್ಮ ಅಕ್ಕನ ಮನೆ ಉರೀತಾ ಅದೆ ಮೇಷ್ಟ್ರೇ," ಎಂದ.

"ನಮ್ಮ ತಾಯಿಗೆ ನಾನೊಬ್ಬನೇ ಮಗ," ಎಂದರು ಮೇಷ್ಟ್ರು. "ನನಗೆ ಅಕ್ಕನೇ ಇಲ್ಲ."

ನಾನು ಎದ್ದು ಯಾರೆಂದು ಹೇಳಿಕೊಂಡೆ. ಊರಿನ ಪಟೇಲರು ಸ್ವಾಮಿಯ ಜೋಳಿಗೆ ಬಿಚ್ಚಿಸಿದರು. ನನ್ನ ಕಾರ್ಡಿನ ಜೊತೆ ಇನ್ನೂ ನಾಲ್ಕು ಸಿಕ್ಕವು.

ಪುಟ್ಟಸ್ವಾಮಪ್ಪ ತಲೆ ತಗ್ಗಿಸಿ ನಿಜ ಹೇಳಿದರು. ಎರಡು ವರ್ಷದಿಂದ ಅವರ ಕಣ್ಣಿಗೆ ಪೊರೆ ಬಂದಿತ್ತು. ಕೆಲಸ ಹೋದೀತೆಂದು ಹೆದರಿ, ವಿಳಾಸಗಳನ್ನು ಸ್ವಾಮಿಯಿಂದ ಓದಿಸುತ್ತಿದ್ದರು. ಅವನು ಏನು ಎತ್ತಿಟ್ಟುಕೊಂಡ, ಯಾವಾಗ ವಾಪಸು ಟಪಾಲಿಗೆ ಸೇರಿಸಿದ ಎಂದು ಅವರಿಗೆ ಕಾಣುತ್ತಲೇ ಇರಲಿಲ್ಲ.

ಆದರೂ ಸಿದ್ದಮ್ಮ ನನ್ನನ್ನು ಕೇಳಿದಳು: "ಸಾಮ್ಗೋಳು ಸುಳ್ಳೇನೂ ಏಳ್ನಿಲ್ವಲ್ಲ ಬುದ್ಧಿ. ಅವ್ರು ಏಳಿದ್ದು ದಿಟವೇ ಅಲ್ವಾ?"

"ದಿಟವೇ ಕಣಮ್ಮ. ಆದರೆ ಅದು ನಿನಗೆ ಬಂದ ದಿಟ. ಏಳು ದಿನ ಅವನ ಜೋಳಿಗೆಯಲ್ಲಿತ್ತು. ಅಷ್ಟು ದಿನ ನಿನ್ನ ಗಂಡ ದಾರಿ ನೋಡ್ತಾ ಮಲಗಿದ್ದ."

ಅವಳು ಹೋಗಿ ಸ್ವಾಮಿಯ ಮುಂದೆ ನಿಂತು, ತನ್ನ ಆಡುಗಳನ್ನು ವಾಪಸು ಕೇಳಿದಳು.

ಸ್ವಾಮಿಯನ್ನು ಪೊಲೀಸರಿಗೆ ಒಪ್ಪಿಸಿದೆವು. ಉಳಿದ ನಾಲ್ಕು ಕಾರ್ಡುಗಳನ್ನು ಅಂದೇ ನಾನು ಮನೆಮನೆಗೆ ಹೋಗಿ ಕೊಟ್ಟೆ. ಇನ್ಸ್‌ಪೆಕ್ಟರ್ ಆದವನು ಮಾಡುವ ಕೆಲಸವಲ್ಲ, ಆದರೆ ನನ್ನ ಸರ್ವಿಸಿನಲ್ಲಿ ಅಷ್ಟು ಹೆಮ್ಮೆಯಿಂದ ಮಾಡಿದ ಕೆಲಸ ಇನ್ನೊಂದಿಲ್ಲ. ವರದಿಯಲ್ಲಿ ಪುಟ್ಟಸ್ವಾಮಪ್ಪನವರ ತಪ್ಪನ್ನೂ ಬರೆದೆ, ಪೊರೆಯನ್ನೂ ಬರೆದೆ. ಅವರು ಕೆಲಸ ಬಿಡಬೇಕಾಯಿತು, ಆದರೆ ಶಿಕ್ಷೆಯಾಗಲಿಲ್ಲ.

ಪವಾಡ ಕಂಡಾಗ ನಗುವುದು ಸುಲಭ. ಅದು ಯಾರ ಭಯದ ಮೇಲೆ ನಿಂತಿದೆ ಎಂದು ವಿಚಾರಿಸುವುದನ್ನು ಈ ಕೆಲಸ ನನಗೆ ಕಲಿಸಿತು. ಆಮೇಲೆ ಯಾವ ಪೋಸ್ಟಾಫೀಸಿಗೆ ಹೋದರೂ ದಫ್ತರ ಮುಟ್ಟುವ ಮೊದಲು ಪೋಸ್ಟ್‌ಮಾಸ್ಟರರ ಪಕ್ಕ ಕೂತು, ಅವರ ಆರೋಗ್ಯ ವಿಚಾರಿಸುತ್ತಿದ್ದೆ.