ಪೆಟ್ಟಿಗೆಯೊಳಗಿನ ಗಮ್‌ಬೂಟು

ಹಮೀದನ ಪೆಟ್ಟಿಗೆ ತೆರೆದದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು.

ಪಾಪ, ಜ್ವರ ಬಂದು ಮಲಗಿದ್ದ. ಲುಂಗಿ ತೆಗೆದುಕೊಡಿ ಎಂದ. ಮುಚ್ಚಳ ಎತ್ತಿದರೆ ಮೇಲೆಯೇ ಕೂತಿದೆ ಹೊಚ್ಚ ಹೊಸ ಗಮ್‌ಬೂಟು! ಪಕ್ಕದಲ್ಲಿ ರಬ್ಬರ್ ಗ್ಲೌಸು, ಕವರ್ ಕೂಡ ಒಡೆದಿಲ್ಲ. ಎಲ್ಲವೂ ನಾನೇ ಕೊಟ್ಟದ್ದು. (ನಾನು ಸೌದಿಯ ಅಲ್ ಖೋಬರ್‌ನಲ್ಲಿ ಸ್ಟೋರ್‌ಕೀಪರ್ ಎಂಬುದು ನಿಮಗೆ ಗೊತ್ತೇ ಇದೆ. ನಮ್ಮ ಕಂಪನಿಯದ್ದು ಒಳಚರಂಡಿ ಕೆಲಸ.)

ಹಮೀದ್ ಉಪ್ಪಿನಂಗಡಿ ಕಡೆಯವನು. ಮ್ಯಾನ್‌ಹೋಲಿಗೆ ಇಳಿದು ಕೆಸರು ತೆಗೆಯುತ್ತಾನೆ. ಹೋದ ವಾರ ಸವೆದ ಹವಾಯಿ ಚಪ್ಪಲಿಯಲ್ಲೇ ಇಳಿದಿದ್ದಾನೆ. ಒಳಗೆ ಒಡೆದ ಬಾಟಲಿ. ಹಿಮ್ಮಡಿ ಸೀಳಿತು, ಗಾಯಕ್ಕೆ ಗಲೀಜು ನೀರು ಹೊಕ್ಕಿತು, ಮೊಣಕಾಲಿನವರೆಗೆ ಊದಿಕೊಂಡಿತು. ಇನ್ನೂ ತಡಮಾಡಿದ್ದರೆ ಕಾಲೇ ಹೋಗುತ್ತಿತ್ತು ಎಂದು ಡಾಕ್ಟರು ಬೈದು ಇಂಜೆಕ್ಷನ್ ಚುಚ್ಚಿದರು.

"ಎಂತ ಮಾರಾಯ ಇದು? ನಿನಗೆ ಮಂಡೆ ಸಮ ಉಂಟಾ?"

"ಅದು ತಮ್ಮನಿಗೆ ಶೆಟ್ರೇ. ಮಳೆಗಾಲದಲ್ಲಿ ಗದ್ದೆಗೆ ಇಳೀಲಿಕ್ಕೆ ಆಗ್ತದೆ. ಫಾರಿನ್ ಬೂಟು ಅಲ್ವಾ?"

"ಮತ್ತೆ ನಿನಗೆ?"

"ನನಗೆ ಹಳೇ ಚಪ್ಪಲಿ ಸಾಕು."

ಇನ್ನಷ್ಟು ಬೈಯಬೇಕೆಂದಿದ್ದೆ. ಆದರೆ ಯಾವ ಬಾಯಲ್ಲಿ ಬೈಯಲಿ? ನನ್ನ ಮಂಚದ ಕೆಳಗೂ ಒಂದು ಹೊಸ ಕಂಬಳಿ ಪ್ಯಾಕ್ ಬಿಚ್ಚದೆ ಬಿದ್ದಿದೆ, ಊರಲ್ಲಿರುವ ಅಕ್ಕನಿಗೆಂದು. ಏಸಿ ಚಳಿಗೆ ನಾನು ಟವಲ್ ಹೊದ್ದು ಮಲಗುತ್ತೇನೆ! ನಾವು ಗಲ್ಫಿನವರೇ ಹೀಗೆ. ಒಳ್ಳೆಯ ಸೋಪು ಊರಿಗೆ, ಒಳ್ಳೆಯ ಟಾರ್ಚು ಊರಿಗೆ. ನಮಗೆ? ಉಳಿದದ್ದು. ಆದರೆ ಕಂಬಳಿ ಇಲ್ಲದಿದ್ದರೆ ನೆಗಡಿ ಬಂದೀತು, ಅಷ್ಟೇ. ಮ್ಯಾನ್‌ಹೋಲಿನಲ್ಲಿ ಬೂಟಿಲ್ಲದಿದ್ದರೆ?

ವಿಚಾರಿಸಿದೆ. ಕ್ಯಾಂಪಿನ ಉಳಿದ ಪೆಟ್ಟಿಗೆಗಳದ್ದೂ ಅದೇ ಕಥೆ. ಬುದ್ಧಿಮಾತು ಹೇಳಿದರೆ ಕೇಳುವ ಜನವಾ ನಮ್ಮದು? ಹಳದಿ ಪೇಂಟಿನ ಡಬ್ಬ ತಂದೆ. ಎಲ್ಲರ ಬೂಟು ತರಿಸಿ, ಒಂದೊಂದರ ಮೇಲೂ ದಪ್ಪಕ್ಷರದಲ್ಲಿ 'ಕಕ್ಕಸುಗುಂಡಿ' ಎಂದು ಬರೆದೆ. ಕನ್ನಡದಲ್ಲೇ! ಊರಿನವರು ಓದಬೇಕಲ್ಲ? (ಮಲಯಾಳಿಗಳ ಬೂಟಿಗೆ ಮಲಯಾಳದಲ್ಲಿ ಬರೆಸಿದೆ. ಅನ್ಯಾಯ ಆಗಬಾರದು.)

ಹಮೀದ್ ಹಣೆ ಚಚ್ಚಿಕೊಂಡ. "ಅಯ್ಯೋ ಶೆಟ್ರೇ! ಇದನ್ನು ಊರಲ್ಲಿ ಯಾರು ಹಾಕ್ತಾರೆ?"

"ಯಾರೂ ಹಾಕುವುದಿಲ್ಲ. ನೀನೇ ಹಾಕು."

ಗಾಯ ಮಾಯಿತು. ಬೂಟು ಹಾಕಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದಾನೆ, ಗೊಣಗುತ್ತಾ. ಗೊಣಗಲಿ ಬಿಡಿ, ಕುಂಟುವುದಕ್ಕಿಂತ ವಾಸಿ.

ಮೊನ್ನೆ ಅವನ ತಮ್ಮ ಮಾತಾಡಿ ಕಳಿಸಿದ ಕ್ಯಾಸೆಟ್ ಬಂತು. ಕಾಲಿನ ಸುದ್ದಿ ಊರಿಗೂ ಮುಟ್ಟಿದೆ. ಅವರ ಮನೆಮಾತು ಬ್ಯಾರಿ, ನನಗೆ ಪೂರ್ತಿ ತಿಳಿಯದು. ಹಮೀದನೇ ಟೇಪ್ ನಿಲ್ಲಿಸಿ ಅರ್ಥ ಹೇಳಿದ. "'ಬೂಟು ಬೇಡ ಅಣ್ಣಾ, ಎರಡು ಕಾಲಲ್ಲಿ ನಡ್ಕೊಂಡು ಬಾ, ಸಾಕು' ಅಂತಾನೆ ಶೆಟ್ರೇ." ಹೇಳಿ ನಕ್ಕ. ಕಣ್ಣು ಒರೆಸಿಕೊಂಡ. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ?

ಅವತ್ತೇ ನಾನು ಕಂಬಳಿ ಬಿಚ್ಚಿದೆ. ಬಹಳ ಬೆಚ್ಚಗಿದೆ. (ಅಕ್ಕಾ, ಕ್ಷಮಿಸು.)

ಏರ್‌ಪೋರ್ಟಿನಲ್ಲಿ ನಮಗಾಗಿ ಕಾಯುವವರೇ, ಮುಂದಿನ ಸಲ ನಮ್ಮ ಪೆಟ್ಟಿಗೆಗಿಂತ ಮೊದಲು ನಮ್ಮ ಕಾಲು ನೋಡುತ್ತೀರಾ?