ನಂಜುಂಡಸ್ವಾಮಿ ಒಟ್ಟಿದ ಹೊಗೆಸೊಪ್ಪಿನ ಕಡ್ಡಿ

ಗುರುಪುರದ ನಮ್ಮ ಪಕ್ಕದ ಮನೆಯ ನಂಜುಂಡಸ್ವಾಮಿ ಚಪ್ಪಲಿ ಮೆಟ್ಟುವ ಮೊದಲು ಅದನ್ನು ಮೂರು ಸಲ ಕೊಡವುತ್ತಾನೆ. ಸ್ನಾನಕ್ಕೆ ಹೋಗುವಾಗ ಬಚ್ಚಲ ಬಾಗಿಲನ್ನು ಕೋಲಿನಿಂದ ಬಡಿಯುತ್ತಾನೆ. ಹಾವಿನ ಭಯ. ನಾವೆಲ್ಲ ಅವನನ್ನು ಆಡಿಕೊಂಡು ನಕ್ಕಿದ್ದೇವೆ, ನಾನಂತೂ ತುಸು ಹೆಚ್ಚೇ. ಆದರೆ ಅವನ ತಂಗಿ ಹನ್ನೆರಡನೇ ವಯಸ್ಸಿನಲ್ಲಿ ರಾಗಿ ಹೊಲದಲ್ಲಿ ಕೊಳಕುಮಂಡಲ ಕಚ್ಚಿ ಸತ್ತವಳು. ಹುಣಸೂರಿನ ಆಸ್ಪತ್ರೆಯ ದಾರಿಯುದ್ದಕ್ಕೂ ಅವಳ ತಲೆ ಇವನ ತೊಡೆಯ ಮೇಲಿತ್ತು. ಅದನ್ನು ನೆನೆದರೆ ನನ್ನ ನಗೆಗೆ ನನಗೇ ನಾಚಿಕೆಯಾಗುತ್ತದೆ.

ಈ ವರ್ಷ ಮೇ ತಿಂಗಳಲ್ಲಿ ಅವನ ಒಬ್ಬಳೇ ಮಗಳು ಪುಟ್ಟಿ ಚೊಚ್ಚಲ ಹೆರಿಗೆಗೆಂದು ಕೆ.ಆರ್. ನಗರದ ಗಂಡನ ಮನೆಯಿಂದ ಬಂದಳು. ಹೆರಿಗೆಯಾದ ಮೇಲೆ ಐದು ತಿಂಗಳು ತವರಿನಲ್ಲೇ ಬಾಣಂತನ ನಡೆಯಬೇಕು. ಅಷ್ಟು ದಿನ ತಾಯಿ ಮಗುವಿನ ಹತ್ತಿರ ಹಾವು ಸುಳಿಯದಂತೆ ನೋಡಿಕೊಳ್ಳುವುದೇ ನಂಜುಂಡಸ್ವಾಮಿಯ ಚಿಂತೆಯಾಯಿತು.

ಹೊಗೆಸೊಪ್ಪಿನ ಘಾಟಿಗೆ ಹಾವು ಹತ್ತಿರ ಬರುವುದಿಲ್ಲವೆಂದು ನಮ್ಮೂರಿನಲ್ಲಿ ನಂಬುವವರು ಬೇಕಾದಷ್ಟು ಜನ. ಸೊಪ್ಪು ಬೆಳೆಯುವವರಿಗೆ ಅದರ ಮೇಲೆ ಅಷ್ಟು ಅಭಿಮಾನ. ನಂಜುಂಡಸ್ವಾಮಿ ಹೋದ ಬೆಳೆಯ ಒಣ ಕಡ್ಡಿಗಳನ್ನೆಲ್ಲ ಹೊಲದಿಂದ ಟ್ರ್ಯಾಕ್ಟರಿನಲ್ಲಿ ತಂದು, ಬಾಣಂತಿ ಕೋಣೆಯ ಹಿಂಗೋಡೆಗೆ ಸೊಂಟದೆತ್ತರ ಒಟ್ಟಿದ. ಮೇಲೆ ಸೊಪ್ಪಿನ ಪುಡಿ ಉದುರಿಸಿದ. ಇಡೀ ಬೀದಿ ಸೀನಿತು. ಹೆಣ್ಣು ಮಗು ಹುಟ್ಟಿತು. ಅವನು ಮೊದಲ ಸಲ ನೆಮ್ಮದಿಯಾಗಿ ನಿದ್ದೆ ಮಾಡಿದನೆಂದು ಹೆಂಡತಿ ರಾಮಮ್ಮ ನಮ್ಮ ಮನೆಗೆ ಬಂದು ಹೇಳಿದ್ದಳು.

ಮಗುವಿಗೆ ಇಪ್ಪತ್ತಾರು ದಿನ. ಬೆಳಗಿನ ಎಳೆ ಬಿಸಿಲಿಗೆ ಪುಟ್ಟಿ ಮಗುವಿನ ಬಟ್ಟೆಗಳನ್ನು ಆ ಕಡ್ಡಿಯ ಮೇಲೆ ಹರವುತ್ತಿದ್ದಳು. ಕೈಯ ಬುಡದಲ್ಲೇ ಕುಕ್ಕರ್ ಕೂಗಿದ ಹಾಗೆ ಬುಸುಗುಟ್ಟಿತು. ಅವಳು ಕಿರುಚಿದ್ದು ನನಗೂ ಕೇಳಿ ಓಡಿದೆ. ನಂಜುಂಡಸ್ವಾಮಿ ಮಗಳ ಎರಡೂ ಕೈಗಳನ್ನು ಹಿಡಿದು ಬೆರಳು ಬೆರಳನ್ನೂ ತಿರುಗಿಸಿ ನೋಡುತ್ತಿದ್ದ. ಎಲ್ಲೂ ಗಾಯವಿರಲಿಲ್ಲ. ಆದರೂ ನೋಡುವುದನ್ನು ನಿಲ್ಲಿಸಲಿಲ್ಲ.

ಹುಣಸೂರಿನಲ್ಲಿ ಬೈಕ್ ಗ್ಯಾರೇಜ್ ಇಟ್ಟುಕೊಂಡು ಹಾವನ್ನೂ ಹಿಡಿಯುವ ಮುಬಷೀರನಿಗೆ ಫೋನ್ ಮಾಡಿದೆ. ಅವನು ಬಂದು ಕಬ್ಬಿಣದ ಕೊಕ್ಕೆಯಿಂದ ಕಡ್ಡಿ ಸರಿಸುತ್ತಾ ಹೋದ. ದಪ್ಪನೆಯ ಕೊಳಕುಮಂಡಲ ಚೀಲ ಸೇರಿತು. ನಾವು ಉಸಿರು ಬಿಟ್ಟೆವು. ಅವನು ಕೊಕ್ಕೆ ಬಿಡಲಿಲ್ಲ.

"ಅಣ್ಣಾ, ಇದು ಮರಿ ಹಾಕ್ಯದೆ."

"ಸೊಪ್ಪಿನ ವಾಸ್ನೆಗೆ ಬರಾಕಿಲ್ಲ ಅಂತಾರಲ್ಲಪ್ಪಾ?" ಎಂದ ನಂಜುಂಡಸ್ವಾಮಿ.

"ವಾಸ್ನೆ ಅದಕ್ಕೇನ್ ಮಾಡ್ತದೆ? ನೀವು ಕಡ್ಡಿ ಒಟ್ಟಿದ್ರಿ, ಇಲಿ ಸೇರ್ಕಂಡೊ. ಇಲಿ ತಿನ್ನಕೆ ಇದು ಬಂತು. ಬೆಚ್ಚಗದೆ ಅಂತ ಇಲ್ಲೇ ಮರಿ ಹಾಕ್ತು."

ಮಧ್ಯಾಹ್ನದವರೆಗೆ ಒಂಬತ್ತು ಮರಿ ಸಿಕ್ಕವು, ಒಂದೊಂದೂ ಗೇಣುದ್ದ.

"ಇಷ್ಟೇನಾ?" ನಂಜುಂಡಸ್ವಾಮಿ ಕೇಳಿದ.

"ಮೂವತ್ತರಗಂಟ ಹಾಕ್ತವೆ ಕಣಣ್ಣ. ಮಿಕ್ಕವು ಎಲ್ಲೋಗವೋ ನಾನೆಂಗೆ ಹೇಳ್ಲಿ? ಮರಿ ಅಂತ ಸದರ ಮಾಡ್ಬೇಡಿ, ಅದ್ಕೂ ಇಸ ಅದೆ."

ಗೋಡೆಯ ಬುಡದಲ್ಲಿ ಬಿರುಕುಗಳಿದ್ದವು. ಬಚ್ಚಲ ನೀರು ಹೋಗುವ ತೂತಿತ್ತು. ನಂಜುಂಡಸ್ವಾಮಿ ಒಂದೊಂದನ್ನೂ ದಿಟ್ಟಿಸಿದ. ಆಮೇಲೆ ಒಳಗೆ ಹೋಗಿ, ತನ್ನ ಕೈಯಾರೆ ಮಗಳ ಬ್ಯಾಗಿಗೆ ಬಟ್ಟೆ ತುಂಬತೊಡಗಿದ.

"ತಿಂಗ್ಳೂ ತುಂಬಿಲ್ಲ ಕಣ್ರೀ! ಹಸೀ ಬಾಣಂತೀನ ಯಾರಾದ್ರೂ ಗಂಡನ ಮನೆಗೆ ಅಟ್ತಾರಾ? ಊರೇನಂದದು?" ರಾಮಮ್ಮ ಅವನ ಕೈಯಿಂದ ಬ್ಯಾಗು ಕಿತ್ತುಕೊಂಡಳು.

"ಏನಾರ ಅನ್ಲಿ, ಬುಡು."

ಅವನು ಹೆಂಡತಿಯ ಮೇಲೆ ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕಾರು ಬಂತು. ರಾಮಮ್ಮ ಅಳುತ್ತಲೇ ಮಗಳ ಮಡಿಲಿಗೆ ಎರಡು ಬೊಗಸೆ ಅಕ್ಕಿ ಹಾಕಿದಳು. ನಂಜುಂಡಸ್ವಾಮಿ ಮೊಮ್ಮಗಳ ಹೊದಿಕೆಯನ್ನು ಬಿಚ್ಚಿ, ಕೊಡವಿ, ಮತ್ತೆ ಸುತ್ತಿ ಪುಟ್ಟಿಯ ಕೈಗಿಟ್ಟ.

"ಅಪ್ಪಾ, ಮತ್ತೆ ನಾನ್ಯಾವಾಗ ಬರ್ಲಿ?" ಎಂದಳು ಪುಟ್ಟಿ.

ಅವನು ಗೋಡೆಯ ಬಿರುಕುಗಳ ಕಡೆ ನೋಡಿದ. ಕಾರಿನ ಬಾಗಿಲು ಹಾಕಿದ.