ಆಫ್ ಆದ ಸಾಹೇಬರಿಗೆ ಒಂದು ಕುರ್ಚಿ

ಮಧುಕರ್ ಅವರು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯ ಆಡಳಿತ ವಿಭಾಗದಿಂದ ನಿವೃತ್ತರಾದವರು. ಹಾಗೆಂದು ಕಾರ್ಖಾನೆ ಹೇಳುತ್ತದೆ. ಅವರು ಇನ್ನೂ ಒಪ್ಪಿಲ್ಲ. ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ ಹಲಸೂರಿನ ‘ಸಂಜೆ ಮಿತ್ರರ ಸಂಘ’ಕ್ಕೆ ಬಂದು, ಖಾಲಿ ಬಿದ್ದಿದ್ದ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. ಆಮೇಲೆ ಎದ್ದದ್ದು ರಾಷ್ಟ್ರಗೀತೆಗೆ ಮಾತ್ರ.

ಸಂಘವೆಂದರೆ ಮಾರುಕಟ್ಟೆಯ ಹಿಂದಿನ ಛತ್ರವೊಂದರ ಮಹಡಿ. ಒಂದೆರಡು ಕೇರಂ ಬೋರ್ಡು, ತಿಂಗಳಿಗೊಮ್ಮೆ ಸಂಖ್ಯೆ ಕೂಗಿ ಚೀಟಿ ತುಂಬಿಸುವ ತಂಬೋಲ, ಹುಟ್ಟುಹಬ್ಬ ಬಂದವರಿಗೆ ಶಾಲು, ಉಳಿದವರಿಗೆ ಉಪ್ಪಿಟ್ಟು. ಮಧುಕರ್ ಬಂದಮೇಲೆ ಉಪ್ಪಿಟ್ಟಿಗೂ ಒಂದು ಉಪಸಮಿತಿಯಾಯಿತು. ಎರಡು ವರ್ಷಕ್ಕೊಮ್ಮೆ ಅಧ್ಯಕ್ಷರ ಚುನಾವಣೆ ಎಂದು ಬೈಲಾದಲ್ಲಿದೆ. ಚುನಾವಣೆಯ ದಿನ ಮಧುಕರ್ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಬಿ.ಪಿ., ಶುಗರ್ ವಿಚಾರಿಸುತ್ತಿದ್ದರು. ಇಷ್ಟೆಲ್ಲ ಇಟ್ಕೊಂಡು ನಿಮಗ್ಯಾಕ್ರೀ ಈ ತಲೆನೋವು ಎಂದು ಕನಿಕರಿಸುತ್ತಿದ್ದರು. ಜನ ತಮ್ಮ ತಮ್ಮ ಕಾಯಿಲೆ ನೆನೆಸಿಕೊಂಡು ಒಳಗೆ ಹೋಗುತ್ತಿದ್ದರು. ಮಧುಕರ್ ಅವಿರೋಧವಾಗಿ ಆಯ್ಕೆಯಾಗುತ್ತಿದ್ದರು.

ಆ ಕುರ್ಚಿಯೂ ಸಾಮಾನ್ಯದ್ದಲ್ಲ. ದಂಡಿನ, ಅಂದರೆ ಕಂಟೋನ್ಮೆಂಟಿನ, ಯಾವುದೋ ಹಳೇ ಬಂಗಲೆಯ ಹರಾಜಿನಲ್ಲಿ ಬಂದ ಬೀಟೆ ಮರದ ಕುರ್ಚಿ, ಕಾಲುಗಳಿಗೆ ಸಿಂಹದ ಪಂಜ. ಅದನ್ನು ಕೊಂಡು ಸಂಘಕ್ಕೆ ಕೊಟ್ಟವರು ಫ್ರೇಜರ್ ಟೌನಿನ ಇನಾಯತ್ ಉಲ್ಲಾ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯನ್ನು ಮಗ ರಿಜ್ವಾನನಿಗೆ ಬಿಟ್ಟು, ಸಂಘ ಕಟ್ಟಿದ ನಾಲ್ಕಾರು ಜನರಲ್ಲಿ ಒಬ್ಬರಾದವರು. ಕುರ್ಚಿ ತಂದರೇ ಹೊರತು ಒಂದು ದಿನವೂ ಅದರಲ್ಲಿ ಕೂತವರಲ್ಲ. ಈ ಸಲ ಮಾತ್ರ, ನಾನೂ ನಿಲ್ತೀನಿ ಎಂದುಬಿಟ್ಟರು. ಅವರಿಗೆ ಬಿ.ಪಿ.ಯೂ ಇರಲಿಲ್ಲ, ಶುಗರ್ರೂ ಇರಲಿಲ್ಲ. ಮಧುಕರ್ ಅವರಿಗೆ ಮೊದಲ ಸಲ ನಿದ್ದೆ ಕೆಟ್ಟಿತು.

ಅಷ್ಟರಲ್ಲಿ ಕೊರೋನಾ ಬಂತು. ಊರಿಗೆಲ್ಲ ಬಂದ ಕಷ್ಟ ಅಧ್ಯಕ್ಷರಿಗೆ ಮಾತ್ರ ಉಸಿರು ಕೊಟ್ಟಿತು. ಸೋಂಕು ಮುಗಿಯುವವರೆಗೆ ಚುನಾವಣೆ ಮುಂದಕ್ಕೆ ಎಂದು ಘೋಷಿಸಿದರು. ಛತ್ರಕ್ಕೆ ಬೀಗ ಬೀಳುವ ಮುನ್ನ ಗೂಡ್ಸ್ ಆಟೋ ಕರೆಸಿ ಕುರ್ಚಿಯನ್ನು ಇಂದಿರಾನಗರದ ತಮ್ಮ ಮನೆಗೆ ಸಾಗಿಸಿದರು. ಕೇಳಿದವರಿಗೆ, ಸ್ಯಾನಿಟೈಸ್ ಮಾಡಿಸಬೇಕು ಎಂದರು. ಒಂದು ವರ್ಷವಾದರೂ ಅದು ಸ್ಯಾನಿಟೈಸ್ ಆಗುತ್ತಲೇ ಇತ್ತು.

ಭಾನುವಾರದ ಕೂಟಗಳು ಜೂಮಿಗೆ ಬಂದವು. ಇದೆಲ್ಲ ನನಗೆ ಗೊತ್ತಾದದ್ದು ನಮ್ಮಮ್ಮ ಮಂಜುಳಮ್ಮನಿಂದ. ಆಕೆಯೂ ಸಂಘದ ಸದಸ್ಯೆ. ಅಧ್ಯಕ್ಷರಿಗೆ ಸಭೆ ನಡೆಸುವುದು ಗೊತ್ತಿತ್ತು, ಸಭೆ ತೆರೆಯುವುದು ಗೊತ್ತಿರಲಿಲ್ಲ. ಹಾಗಾಗಿ ಅಮ್ಮನ ಫೋನಿನಿಂದ ನಾನು ತೆರೆದು ಕೊಡುತ್ತಿದ್ದೆ. ಜೂಮಿನ ಲೆಕ್ಕದಲ್ಲಿ ಸಭೆಗೆ ಯಜಮಾನಿ ನಮ್ಮಮ್ಮ. ಮಧುಕರ್ ಸಿಂಹದ ಪಂಜದ ಕುರ್ಚಿಯಲ್ಲಿ, ಹೆಗಲ ಮೇಲೆ ಮೈಸೂರು ಶಾಲು ಹೊದ್ದು ಪರದೆಯ ತುಂಬ ಕಾಣಿಸಿಕೊಂಡು, “ಮಂಜುಳಮ್ಮ, ಎಲ್ಲರ ಬಾಯಿ ಮುಚ್ಚಿಸಿ” ಎನ್ನುತ್ತಿದ್ದರು. ಅಮ್ಮ ಮ್ಯೂಟ್ ಗುಂಡಿ ಒತ್ತುತ್ತಿದ್ದಳು. ತಂಬೋಲದ ಸಂಖ್ಯೆಗಳನ್ನೂ ಅವರೇ ಕೂಗುತ್ತಿದ್ದರು. ಒಂದೊಂದು ಸಂಖ್ಯೆಗೂ ಅವರ ಸೇವಾವಧಿಯ ಒಂದೊಂದು ಘಟನೆ ಅಂಟಿಕೊಂಡಿರುತ್ತಿತ್ತು. ಒಂದು ಸಾಲು ತುಂಬುವುದರೊಳಗೆ ಮೊಬೈಲುಗಳ ಚಾರ್ಜು ಮುಗಿಯುತ್ತಿತ್ತು.

ಎರಡನೇ ಅಲೆಯಲ್ಲಿ ತಂಬೋಲ ನಿಂತು, ಸಂತಾಪವೇ ಸಂಘದ ಮುಖ್ಯ ಕಾರ್ಯಕ್ರಮವಾಯಿತು. ಕೇರಂನಲ್ಲಿ ಯಾರಿಗೂ ಸೋಲದ ಪಿಳ್ಳಪ್ಪ ಹೋದರು. ನನ್ನ ಬಲಗೈ ಹೋಯಿತು ಎಂದು ಅಧ್ಯಕ್ಷರು ಗದ್ಗದಿತರಾದರು. ಪಿಳ್ಳಪ್ಪ ಇದ್ದಷ್ಟು ದಿನ ಅವರ ಹೆಸರೂ ಇವರ ಬಾಯಿಗೆ ಬಂದಿರಲಿಲ್ಲ. ‘ಆ ಕೇರಂನೋರು’ ಎನ್ನುತ್ತಿದ್ದರು. ಮುಂದಿನ ವಾರ ಹೋದವರೂ ಬಲಗೈಯೇ ಆದರು. ಮಧುಕರ್ ಅವರಿಗೆ ಎಷ್ಟು ಬಲಗೈ ಇದ್ದವು ಎಂಬುದು ನಮಗೆ ಆಗ ತಿಳಿಯುತ್ತಾ ಹೋಯಿತು.

ಹಾಜರಿ ಹೇಳುವ ಕೆಲಸ ಅಂಬಣ್ಣನದು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು. ಪರದೆಯ ಚೌಕಗಳನ್ನು ನೋಡಿ, ಯಾರ ಮುಖ ಕಾಣುತ್ತದೆಯೋ ಅವರು ಆನ್, ಕಾಣದವರು ಆಫ್ ಎಂದು ಅಧ್ಯಕ್ಷರಿಗೆ ಒಪ್ಪಿಸಬೇಕು. ಇದರಲ್ಲಿ ಒಂದು ತೊಡಕಿತ್ತು. ನಮ್ಮ ಬೆಂಗಳೂರಿನಲ್ಲಿ ದೀಪ ಆಫ್ ಆಗುತ್ತದೆ, ಫ್ಯಾನು ಆಫ್ ಆಗುತ್ತದೆ, ಮನುಷ್ಯನೂ ಆಫ್ ಆಗುತ್ತಾನೆ. ‘ಅವರ ತಾತ ಆಫ್ ಆಗ್ಬಿಟ್ರಂತೆ’ ಎಂದರೆ ಯಾರೂ ಸ್ವಿಚ್ಚು ಹುಡುಕುವುದಿಲ್ಲ.

ಇನಾಯತ್ ಉಲ್ಲಾ ಅವರಿಗೆ ಜ್ವರ ಎಂದು ಮಗ ರಿಜ್ವಾನ್ ಸಂಘದ ವಾಟ್ಸಾಪ್ ಗುಂಪಿಗೆ ಸಂದೇಶ ಹಾಕಿದ್ದ. ವಾರವೆಲ್ಲ ಅವರ ಸುದ್ದಿಯಿರಲಿಲ್ಲ. ಆ ಭಾನುವಾರ ಅವರ ಹೆಸರಿನ ಚೌಕ ಬಂತು. ಮುಖವಿಲ್ಲ, ಬರೀ ಕಪ್ಪು. ಅಂಬಣ್ಣ ಹಾಜರಿ ಹೇಳುತ್ತಾ ಬಂದವನು, ಮಾಸ್ಕ್ ಸರಿಮಾಡಿಕೊಂಡು ಹೇಳಿದ:

“ಇನಾಯತ್ ಸಾಹೇಬ್ರು ಆಫ್ ಆಗವ್ರೆ ಸಾರ್.”

ಇನ್ನೊಬ್ಬರಾಗಿದ್ದರೆ ಏನು, ಯಾವಾಗ ಎಂದು ಕೇಳುತ್ತಿದ್ದರು. ಮಧುಕರ್ ಕೇಳುವವರಲ್ಲ, ಹೇಳುವವರು. ಮುಖದ ಮೇಲೆ ಏನೋ ಒಂದು ಹಾದುಹೋಯಿತು. ಅದು ದುಃಖವೇ ಎಂದು ನಾನು ಪ್ರಮಾಣ ಮಾಡಲಾರೆ. ಎಲ್ಲರ ಬಾಯಿ ಮುಚ್ಚಿಸಲು ಅಮ್ಮನಿಗೆ ಹೇಳಿ, ಶಾಲು ಎಳೆದುಕೊಂಡು, ಕಣ್ಣು ಮುಚ್ಚಿ ಶುರುಮಾಡಿದರು. ತುಂಬಲಾರದ ನಷ್ಟ ಎಂದರು. ಕಂಟೋನ್ಮೆಂಟಿನ ಸೌಹಾರ್ದದ ಕೊಂಡಿ ಕಳಚಿತು ಎಂದರು.

ಅಷ್ಟು ಹೊತ್ತಿಗೆ ಕಪ್ಪು ಚೌಕ ಬೆಳಗಿತು. ಬಿಳಿ ಟೋಪಿ, ಬೆನ್ನಿಗೆ ದಿಂಬು. ಇನಾಯತ್ ಉಲ್ಲಾ ಎರಡೂ ಕೈ ಬೀಸುತ್ತಿದ್ದರು. ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಉಳಿದ ಚೌಕಗಳಲ್ಲಿ ಭುಜಗಳು ಕುಲುಕಿದವು. ನಾನು ಗುಂಡಿ ಒತ್ತಲು ಹೋದರೆ ಅಮ್ಮ ಕೈ ಹಿಡಿದಳು.

“ತಡಿಯೋ, ಮಾತಾಡ್ಲಿ. ಇಷ್ಟು ವರ್ಷದಲ್ಲಿ ಇವತ್ತೇ ಅವ್ರು ಬೇರೆಯವ್ರನ್ನ ಹೊಗಳ್ತಿರೋದು.”

ಎದುರಾಳಿಯೇ ಇಲ್ಲದ ಮೇಲೆ ಉದಾರತೆಗೇನು ಕೊರತೆ? ಮಧುಕರ್ ಧಾರಾಳವಾದರು. ಈ ಕುರ್ಚಿ ತಂದವರು ಅವರು, ಇದಕ್ಕೆ ನಿಜವಾದ ಅರ್ಹರೂ ಅವರೇ, ಕೂತ್ಕೊಳ್ಳಿ ಎಂದು ಎಷ್ಟೋ ಸಲ ತಾವು ಬೇಡಿಕೊಂಡದ್ದುಂಟು ಎಂದರು. ಕೊನೆಗೆ ಕುರ್ಚಿಯ ಕೈ ಸವರುತ್ತಾ, “ಇವತ್ತು ಅವರು ಇದ್ದಿದ್ದರೆ, ಈ ಕ್ಷಣವೇ ಎದ್ದು ಅವರಿಗೆ ಬಿಟ್ಟುಕೊಡ್ತಿದ್ದೆ” ಎಂದರು.

“ಈಗ ಒತ್ತು” ಎಂದಳು ಅಮ್ಮ.

“ಇದೀನಿ ಸಾಬ್” ಎಂದರು ಇನಾಯತ್ ಉಲ್ಲಾ. ದನಿ ಸೋತಿತ್ತು, ನಗು ಸೋತಿರಲಿಲ್ಲ. “ಜ್ವರ ಬಂದಿತ್ತು, ಅಷ್ಟೇ. ಬಹುತ್ ಶುಕ್ರಿಯಾ. ನೀವು ಇಷ್ಟು ಹೇಳ್ದಮೇಲೆ ನಾನು ಬೇಡ ಅಂದ್ರೆ ಚೆನ್ನಾಗಿರಲ್ಲ. ನಾಳೆ ರಿಜ್ವಾನ್ ಗೂಡ್ಸ್ ಆಟೋ ಕಳಿಸ್ತಾನೆ.”

ಮಧುಕರ್ ಕಣ್ಣು ತೆರೆದರು. ಸ್ವಲ್ಪ ಹೊತ್ತು, ಸತ್ತವರು ಯಾರು ಎಂಬ ಬಗ್ಗೆ ಅವರ ಮುಖ ನೋಡಿದವರಿಗೇ ಅನುಮಾನ ಬರುವಂತಿತ್ತು. ಆಮೇಲೆ ಆಡಳಿತ ವಿಭಾಗ ಎಚ್ಚೆತ್ತುಕೊಂಡಿತು. ತಮ್ಮ ಸಂತೋಷಕ್ಕೆ ಪಾರವಿಲ್ಲ ಎಂದರು. ಆದರೆ ಸಂತಾಪದ ಮಾತು ನಿರ್ಣಯವಾಗುವುದಿಲ್ಲ ಎಂದೂ ಹೇಳಿದರು. “ಅಂಥ ಹೊತ್ತಲ್ಲಿ ನಾಲ್ಕು ಒಳ್ಳೆ ಮಾತು ಆಡೋದು ಪದ್ಧತಿ. ಅದನ್ನೆಲ್ಲ ನಿಜ ಅಂತ ಹಿಡ್ಕೊಂಡ್ರೆ ಹೇಗ್ರೀ?”

ಅಂಬಣ್ಣನ ಬಾಯಿಯನ್ನು ಯಾವಾಗ ಬಿಚ್ಚಿದಳೋ ನಮ್ಮಮ್ಮ, ನನಗೆ ಕಾಣಲಿಲ್ಲ.

“ಹಂಗಾರೆ ಪಿಳ್ಳಪ್ಪನ ವಿಷ್ಯದಲ್ಲಿ ಹೇಳಿದ್ದೂ ಪದ್ಧತಿಗೇನಾ ಸಾರ್?”

ಪಿಳ್ಳಪ್ಪನವರ ಹೆಂಡತಿ ಸಭೆಯಲ್ಲಿದ್ದರು. ಗಂಡನ ಫೋನಿನಿಂದಲೇ ಬರುತ್ತಿದ್ದುದರಿಂದ ಚೌಕದ ಕೆಳಗೆ ಇನ್ನೂ ಅವರದೇ ಹೆಸರು. ಆಕೆ ಪರದೆಯನ್ನೇ ನೋಡುತ್ತಿದ್ದರು, ಅಷ್ಟೇ. ಅಷ್ಟರಲ್ಲಿ ಅಮ್ಮ ಎಲ್ಲರ ಬಾಯಿಯನ್ನೂ ಬಿಚ್ಚಿದ್ದಳು. ಆದರೂ ಅಷ್ಟು ದಿನಗಳಲ್ಲಿ ಆ ಸಂಘದ ಮೊದಲ ನಿಜವಾದ ಮೌನ ಅದು. ಮಧುಕರ್ ಆಕೆಯ ಚೌಕದತ್ತ ನೋಡಿ, ಶಾಲು ಸರಿಪಡಿಸಿಕೊಂಡು, “ಆಟೋ ಕಳಿಸಿ ಇನಾಯತ್” ಎಂದರು.

ಮರುದಿನ ಕುರ್ಚಿ ಇಳಿಯಿತು, ಅದರೊಂದಿಗೆ ಅಧ್ಯಕ್ಷಗಿರಿಯೂ. ಇಳಿಸುವಾಗ ಮಧುಕರ್ ಮೆಟ್ಟಿಲ ತುದಿಯಲ್ಲಿ ನಿಂತು, ಹೀಗೆ ಹಿಡಿಯಿರಿ ಹಾಗೆ ಹಿಡಿಯಿರಿ ಎಂದು ಕೊನೆಯ ಆಡಳಿತ ನಡೆಸಿದರಂತೆ. ಇನಾಯತ್ ಉಲ್ಲಾ ಅದನ್ನು ತಮ್ಮ ಮನೆಯ ಹಜಾರದ ಮೂಲೆಗೆ ಹಾಕಿ, ಮುಂದಿನ ಭಾನುವಾರದ ಸಭೆಯನ್ನು ಮಂಚದ ಮೇಲೆ ಕೂತೇ ನಡೆಸಿದರು. ಅಧ್ಯಕ್ಷರಾಗಿ ಹೊರಡಿಸಿದ ಮೊದಲ ಅಪ್ಪಣೆ ಅಂಬಣ್ಣನಿಗೆ: ಇನ್ನು ಯಾರನ್ನೂ ಆಫ್ ಅನ್ನಬಾರದು, ಕಾಣ್ತಿಲ್ಲ ಅನ್ನಬೇಕು.

ಅಂಬಣ್ಣ ಹಾಜರಿ ಹೇಳುತ್ತಾ ಬಂದ. ಒಂದು ಕಪ್ಪು ಚೌಕದ ಮುಂದೆ ತಡವರಿಸಿದ.

“ಮಧುಕರ್ ಸಾರ್... ಕಾಣ್ತಿಲ್ಲ.”

ತಂಬೋಲದ ಒಂದು ಸಂಖ್ಯೆಗೆ ಅರ್ಧ ಗಂಟೆ ಮಾತಾಡುತ್ತಿದ್ದ ದನಿ ಕತ್ತಲೊಳಗಿಂದ ಬಂತು.

“ಇದೀನಿ.”